ಶಿರಸಿಗೆ ಮುಂದಿನ 30 ವರ್ಷದ ನೀರು: ಹೊಸ ಜಾಕ್‌ವೆಲ್ ಮೊದಲೋ, ಹೊಳೆಯ ಲೆಕ್ಕ ಮೊದಲೋ?

ಮಾರಿಗುಡಿ ಓಣಿ

ನಮ್ಮ ವಾರ್ಡಿನ ಒಂದಷ್ಟು ಜನ ಸೇರಿ ನಗರಸಭೆಗೆ ಅರ್ಜಿ ಕೊಡೋಣ ಅಂತಿದ್ದೇವೆ. ಈ ಬೇಸಿಗೆಗೆ ಏನು ಮಾಡ್ತೀರಿ ಅಂತ ಕೇಳೋ ಅರ್ಜಿ ಅಲ್ಲ, ಅದು ಪ್ರತಿ ವರ್ಷ ಇದ್ದದ್ದೇ. 2055ರ ಸುಮಾರಿಗೆ ಶಿರಸಿಗೆ ನೀರು ಎಲ್ಲಿಂದ ಅನ್ನೋದು ವಿಷಯ. ಕುಡಿಯುವ ನೀರಿನ ಯೋಜನೆ ಅಂದರೆ ಸಾಮಾನ್ಯವಾಗಿ 30 ವರ್ಷಕ್ಕೆ ಲೆಕ್ಕ ಹಾಕ್ತಾರೆ. ಇವತ್ತು ಒಂದು ಕಡೆ ಪೈಪು ಹಾಕಿದರೆ ಮೊಮ್ಮಕ್ಕಳ ಕಾಲಕ್ಕೂ ಅದೇ ಪೈಪು.

ಸದ್ಯಕ್ಕೆ ನಮಗೆ ನೀರು ಬರೋದು ಕೆಂಗ್ರೆ ಹೊಳೆಯಿಂದ ಮತ್ತು ಅಘನಾಶಿನಿಯ ಮಾರಿಗದ್ದೆಯಿಂದ. 2011ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 62 ಸಾವಿರ ಚಿಲ್ಲರೆ. ಆಮೇಲೆ ಎಣಿಸಿಯೇ ಇಲ್ಲ, ಮುಂದಿನ ಜನಗಣತಿ 2027ಕ್ಕೆ. ನಡುವೆ ಎಷ್ಟು ಬಡಾವಣೆ ಎದ್ದಿದೆ ಅಂತ ಹುಬ್ಬಳ್ಳಿ ರಸ್ತೆ, ಬನವಾಸಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದರೆ ತಿಳಿಯುತ್ತೆ.

ಚಹಾ ಅಂಗಡಿಯಲ್ಲಿ ಕೇಳಿದರೆ ಮೂರೇ ಉತ್ತರ. ಇನ್ನೊಂದು ಜಾಕ್‌ವೆಲ್ (ಹೊಳೆ ನೀರು ಪಂಪಿನಿಂದ ಎತ್ತೋ ಬಾವಿ) ಹಾಕಿ, ಇಲ್ಲ ಸಣ್ಣದೊಂದು ಡ್ಯಾಮ್ ಕಟ್ಟಿ, ಇಲ್ಲ ಕೆರೆ ಹೂಳೆತ್ತಿ. ಅರ್ಜಿಯಲ್ಲಿ ಏನು ಕೇಳಬೇಕು, ಹೇಳಿ. ಪಕ್ಷದ ಮಾತು ಬೇಡ ದಯವಿಟ್ಟು.

ಯಲ್ಲಾಪುರ ನಾಕೆ

ವರ್ಷಕ್ಕೆ 2500 ಮಿಲಿಮೀಟರ್ ಆಸುಪಾಸು ಮಳೆ ಬೀಳೋ ಊರು. ಆಷಾಢದಲ್ಲಿ ಬಟ್ಟೆ ಒಣಗೋದಿಲ್ಲ, ಗೋಡೆಗೆಲ್ಲ ಬೂಸಲು. ಇಲ್ಲಿ ನೀರಿಲ್ಲ ಅಂತ ಚರ್ಚೆ ಮಾಡೋದಕ್ಕೇ ನಾಚಿಕೆ ಆಗಬೇಕು. ಒಂದು ಡ್ಯಾಮ್ ಕಟ್ಟಿ ಮಾರಾಯ್ರೆ, ಮುಗೀತು.

ನಿವೃತ್ತ ಇಂಜಿನಿಯರ್

ಮುಗಿಯೋದಿಲ್ಲ. ನಾನು ನೀರು ಸರಬರಾಜು ಕೆಲಸದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು, ಆದರೆ ಬೇರೆ ಜಿಲ್ಲೆಗಳಲ್ಲಿ. ಊರಿಗೆ ಬಂದ ಮೇಲೆ ಇಲ್ಲಿನದನ್ನು ನೋಡ್ತಾ ಇದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಮಳೆ ಎಷ್ಟು ಬೀಳುತ್ತೆ ಅನ್ನೋದು ಒಂದು ಲೆಕ್ಕ. ಆ ಮಳೆ ಬೀಳೋ ಜಾಗ ಎಷ್ಟು, ಅದು ಹರಿದು ಯಾವ ಹೊಳೆಗೆ ಸೇರುತ್ತೆ ಅನ್ನೋದು ಇನ್ನೊಂದು ಲೆಕ್ಕ. ಶಿರಸಿ ಇರೋದು ಘಟ್ಟದ ನೆತ್ತಿಯಲ್ಲಿ. ನಮ್ಮ ತಾಲ್ಲೂಕಿನ ಮೂಡುಗಡೆ ಬಿದ್ದ ನೀರು ಬನವಾಸಿ ಪಕ್ಕದ ವರದೆಗೆ ಸೇರಿ, ತುಂಗಭದ್ರೆಗೆ ಹೋಗಿ, ಕೊನೆಗೆ ಬಂಗಾಳ ಕೊಲ್ಲಿ ಮುಟ್ಟುತ್ತೆ. ಪಡುಗಡೆ ಬಿದ್ದದ್ದು ಅಘನಾಶಿನಿ ಸೇರಿ ತದಡಿಯಲ್ಲಿ ಅರಬ್ಬಿ ಸಮುದ್ರಕ್ಕೆ. ಅಘನಾಶಿನಿಯ ಒಂದು ಮೂಲ ನಮ್ಮ ಪೇಟೆಯ ಶಂಕರ ಹೊಂಡ ಅಂತಲೇ ಹೇಳ್ತಾರೆ, ಇನ್ನೊಂದು ಮಂಜುಗುಣಿ ಕಡೆಯದು. ಎರಡೂ ಕೂಡೋದು ಮುತ್ತಳ್ಳಿ ಹತ್ತಿರ. ಅಂದರೆ ನಾವು ಹೊಳೆ ಹುಟ್ಟೋ ಜಾಗದಲ್ಲಿ ಕೂತಿದ್ದೇವೆ.

ಇದು ಕೇಳೋಕೆ ಹೆಮ್ಮೆ, ನೀರಿನ ಲೆಕ್ಕದಲ್ಲಿ ಕಷ್ಟ. ಬಯಲು ಸೀಮೆಯ ಊರಿನಲ್ಲಿ 500 ಮಿಲಿಮೀಟರ್ ಮಳೆ ಬೀಳಬಹುದು. ಆದರೆ ಅದರ ಪಕ್ಕ ಹರಿಯೋ ಹೊಳೆ ಮೇಲಿನ ಮೂರ್ನಾಲ್ಕು ತಾಲ್ಲೂಕಿನ ನೀರು ಹೊತ್ತು ಬರುತ್ತೆ. ನಮಗೆ ಮೇಲೆ ಯಾವ ತಾಲ್ಲೂಕೂ ಇಲ್ಲ, ಇರೋದು ನಮ್ಮದೇ ಬೆಟ್ಟ. ಮಳೆಗಾಲದಲ್ಲಿ ಬಿದ್ದದ್ದು ಬಿದ್ದ ಹಾಗೆ ಇಳಿದು ಹೋಗುತ್ತೆ. ಏಪ್ರಿಲ್‌ನಲ್ಲಿ ಹೊಳೆಯಲ್ಲಿ ಕಾಣೋ ನೀರು ಆಷಾಢದಲ್ಲಿ ಬೆಟ್ಟದೊಳಗೆ ಇಳಿದು, ನಿಧಾನಕ್ಕೆ ಒರತೆಯಾಗಿ ಹೊರಬಂದದ್ದು. ಚಿರೆಕಲ್ಲಿನ ನೆಲ ನೀರನ್ನು ಬೇಗ ಕುಡಿಯುತ್ತೆ, ಬೇಗ ಬಿಟ್ಟೂ ಬಿಡುತ್ತೆ.

ಹಾಗಾಗಿ ಅರ್ಜಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ಮೇ ತಿಂಗಳ ಮಧ್ಯದಲ್ಲಿ ಆ ಎರಡು ಜಾಕ್‌ವೆಲ್ ಹತ್ತಿರ ಹೊಳೆಯಲ್ಲಿ ಸೆಕೆಂಡಿಗೆ ಎಷ್ಟು ಲೀಟರ್ ಹರಿಯುತ್ತೆ? ಸರಾಸರಿ ವರ್ಷದ್ದು ಬೇಡ, ಕೆಟ್ಟ ವರ್ಷದ್ದು ಬೇಕು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತ್ತಲ್ಲ, ಅಂಥ ವರ್ಷದ ಮರುಬೇಸಿಗೆಯದ್ದು. ಆ ಅಂಕಿ ಕೈಯಲ್ಲಿಲ್ಲದೆ ಪೈಪಿನ ಅಳತೆ, ಪಂಪಿನ ಎಚ್‌ಪಿ ಮಾತಾಡಬಾರದು.

ಬೇಡಿಕೆಯ ಕಡೆ ಲೆಕ್ಕ ಸುಲಭ. ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೆ 2011ರ ಜನಕ್ಕೇ ದಿನಕ್ಕೆ ಸುಮಾರು 85 ಲಕ್ಷ ಲೀಟರ್. ಊರು ಒಂದು ಲಕ್ಷ ಮುಟ್ಟುತ್ತೆ ಅಂತ ಇಟ್ಟುಕೊಂಡರೆ 135 ಲಕ್ಷ. ದಾರಿಯಲ್ಲಿ 15 ಪರ್ಸೆಂಟ್ ಸೋರಿಕೆ ಅಂತ ಬಿಟ್ಟರೆ, ಹೊಳೆಯಿಂದ ಎತ್ತಬೇಕಾದ್ದು 159 ಲಕ್ಷದ ಹತ್ತಿರ.

ಯಲ್ಲಾಪುರ ನಾಕೆ

ಇಂಜಿನಿಯರ್ ಸರ್, 135 ಲೀಟರ್ ಅಂದರೆ ಯಾರ ಮನೆ ಲೆಕ್ಕ ಅದು? ನಮ್ಮಜ್ಜಿ ಎರಡು ಕೊಡದಲ್ಲಿ ದಿನ ತೆಗೀತಿದ್ದರು.

ನಿವೃತ್ತ ಇಂಜಿನಿಯರ್

ನಿಮ್ಮಜ್ಜಿ ಮನೆಯಲ್ಲಿ ಫ್ಲಶ್ ಇರಲಿಲ್ಲ ಅಲ್ವಾ. ಒಳಚರಂಡಿ ಇರೋ ಅಥವಾ ಬರಲಿರೋ ಊರಿಗೆ 135, ಅದು ಕೇಂದ್ರದ ಕೈಪಿಡಿಯ ಮಾನದಂಡ. ಜಲಜೀವನ ಮಿಷನ್‌ನಲ್ಲಿ ಹಳ್ಳಿಗೆ 55. ಕೊಟ್ಟ ನೀರಿನಲ್ಲಿ 80 ಪರ್ಸೆಂಟ್ ಚರಂಡಿಗೆ ವಾಪಸ್ ಬರುತ್ತೆ ಅಂತ ಲೆಕ್ಕ ಹಿಡೀತಾರೆ. ಹೊಳೆ ಹುಟ್ಟೋ ಊರಿನ ಚರಂಡಿ ಇಳಿಯೋದೂ ಹೊಳೆ ಕಡೆಗೇ, ಅದನ್ನೂ ನೆನಪಿಟ್ಟುಕೊಳ್ಳಿ.

ದೇವಿಕೆರೆ ಖಾನಾವಳಿ

ಜಾತ್ರೆ ಮರೆತಿರಿ ನೀವೆಲ್ಲ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಗದ್ದುಗೆ ಏರಿದಾಗ ಲಕ್ಷಗಟ್ಟಲೆ ಜನ ಬರ್ತಾರೆ. ಅದೂ ಫಾಲ್ಗುಣದಲ್ಲಿ, ಹೊಳೆ ಇಳಿಯೋ ಹೊತ್ತಿಗೆ ಸರಿಯಾಗಿ. ನನ್ನ ಖಾನಾವಳಿಯಲ್ಲಿ ಆ ವಾರ ಪಾತ್ರೆ ತೊಳೆಯೋ ನೀರೇ ಊಟಕ್ಕಿಂತ ದೊಡ್ಡ ಖರ್ಚು. ಕಳೆದ ಜಾತ್ರೆಗೆ ಒಬ್ಬರ ಹತ್ತಿರ ಟ್ಯಾಂಕರ್ ಹೇಳಿದ್ದೆ. ಬಂದ ನೀರು ಯಾವ ಬಾವಿಯದೋ ಏನೋ, ಸಾರಿಗೆ ಹಾಕೋ ಹಾಗಿರಲಿಲ್ಲ, ನೆಲ ತೊಳೆಯೋಕೆ ಬಳಸಿದೆ. ದುಡ್ಡು ಮಾತ್ರ ಪೂರ್ತಿ ಹೋಯಿತು. 30 ವರ್ಷದ ಯೋಜನೆ ಮಾಡುವವರು ಜಾತ್ರೆ ವಾರವನ್ನೂ ಒಂದು ಲೆಕ್ಕವಾಗಿ ಬರೆದುಕೊಳ್ಳಲಿ. ಸರಾಸರಿ ತೆಗೆದರೆ ಅದು ಕಾಣೋದೇ ಇಲ್ಲ.

ಹೊಳೆಬದಿ ತೋಟ

ಪೇಟೆಯವರ ಚರ್ಚೆ ಪೂರ್ತಿ ಓದಿದೆ. ಒಂದು ಕಡೆಯೂ ತೋಟ ಅನ್ನೋ ಶಬ್ದ ಬರಲಿಲ್ಲ, ಆಶ್ಚರ್ಯ.

ಜಾಕ್‌ವೆಲ್‌ಗಿಂತ ಮೇಲೆ ಹೊಳೆಯ ಎರಡೂ ಬದಿ ಅಡಿಕೆ ತೋಟ ಇವೆ. ಏಪ್ರಿಲ್ ಬಂದರೆ ನಮಗೂ ನೀರು ಬೇಕು, ನಿಮಗೂ ಬೇಕು. ಆಗ ಸುಲಭದ ದಾರಿ ಒಂದೇ, ತೋಟದ ಪಂಪು ನಿಲ್ಲಿಸಿ ಅನ್ನೋದು. ಕುಡಿಯೋ ನೀರು ಮೊದಲು ಅಂತ ನಾನೂ ಒಪ್ತೇನೆ. ಆದರೆ ಮರ ಒಣಗಿ ಹೋದರೆ ಮತ್ತೆ ಫಸಲು ನೋಡೋಕೆ ಏಳೆಂಟು ವರ್ಷ ಬೇಕು. ಎರಡು ವಾರ ಟ್ಯಾಂಕರ್ ತರಿಸಿ ಸುಧಾರಿಸೋ ವಿಷಯ ಅಲ್ಲ ಅದು.

ಇಂಜಿನಿಯರ್ ಸರ್ ಹೇಳಿದ ಒರತೆ ಬಗ್ಗೆ ಒಂದು ಮಾತು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರೋ ಕಾಡು) ಅಂತ ಬ್ರಿಟಿಷರ ಕಾಲದಿಂದ ಬಿಟ್ಟಿದ್ದಾರೆ. ಬೆಟ್ಟ ಚೆನ್ನಾಗಿದ್ದರೆ ಬುಡದ ಹಳ್ಳ ಯುಗಾದಿ ಕಳೆದರೂ ಜಿನುಗುತ್ತೆ. ನಮ್ಮ ಬೆಟ್ಟದ ತಲೆಯಲ್ಲಿ ನಾವು ಉದ್ದಕ್ಕೆ ಇಂಗುಗುಂಡಿ ತೋಡಿದ್ದೇವೆ. ಒಂದೇ ಸಾಲಿನಲ್ಲಲ್ಲ, ಇಳಿಜಾರಿಗೆ ಅಡ್ಡಲಾಗಿ, ಒಂದರ ಬಾಯಿ ತುಂಬಿ ಹರಿದರೆ ಕೆಳಗಿನದಕ್ಕೆ ಬೀಳೋ ಹಾಗೆ. ಮೊದಲ ಮಳೆಗಾಲದಲ್ಲಿ ದರಕು (ಉದುರಿದ ಒಣ ಎಲೆ), ಮಣ್ಣು ಬಂದು ಅರ್ಧ ತುಂಬಿತ್ತು. ಅದನ್ನು ತೆಗೆದು ಗೊಬ್ಬರದ ಗುಂಡಿಗೆ ಹಾಕಿದೆವು. ಈಗ ತೋಟದ ತಲೆಯ ಕಾದಿಗೆಯಲ್ಲಿ (ಕಾಲುವೆಯಲ್ಲಿ) ನೀರು ಮೊದಲಿಗಿಂತ ತಡವಾಗಿ ಬತ್ತುತ್ತೆ. ಪಕ್ಕದ ಗುಡ್ಡ ಪೂರ್ತಿ ಅಕೇಶಿಯಾ. ಅಲ್ಲಿ ನೆಲದ ಮೇಲೆ ಹುಲ್ಲೂ ಇಲ್ಲ, ಹಳ್ಳವೂ ಬೇಗ ಒಣಗುತ್ತೆ.

ಈ ಕೆಲಸ ನಾವು ಮಾಡ್ತೇವೆ, ಆ ನೀರು ನಿಮ್ಮ ನಲ್ಲಿಗೆ ಬರುತ್ತೆ. ನಗರಸಭೆಯ ಯೋಜನೆಯಲ್ಲಿ ಊರಿನ ಗಡಿ ಆಚೆಯ ಬೆಟ್ಟಕ್ಕೆ ಒಂದು ರೂಪಾಯಿ ಇಡ್ತೀರಾ? ಪೈಪಿಗೆ ಕೋಟಿ ಇಡುವಾಗ ಇದನ್ನೂ ಕೇಳಬೇಕು ಅಲ್ವಾ?

ಯಲ್ಲಾಪುರ ನಾಕೆ

ತೋಟಿಗರೇ, ಗುಂಡಿ ತೋಡಿದ್ದಕ್ಕೆ ದುಡ್ಡು ಕೊಡಿ ಅಂದರೆ ನಾಳೆ ಮಳೆ ಬಂದಿದ್ದಕ್ಕೂ ಬಿಲ್ ಕಳಿಸ್ತೀರಿ ನೀವು 😀

ಹೊಳೆಬದಿ ತೋಟ

ಕಳಿಸ್ತೇವೆ. ನಿಮ್ಮ ನಾಕೆ ವಿಳಾಸಕ್ಕೇ.

ಕುಮಟೆಯವಳು

ಡ್ಯಾಮ್ ಅಂದವರಿಗೆ ಕೆಳಗಿನಿಂದ ಒಂದು ಮಾತು. ಅಘನಾಶಿನಿ ಶಿರಸಿಯಲ್ಲಿ ಮುಗಿಯೋದಿಲ್ಲ. ಅಲ್ಲಿಂದ ಉಂಚಳ್ಳಿಯಲ್ಲಿ ಧುಮುಕಿ, ಒಟ್ಟು 117 ಕಿಲೋಮೀಟರ್ ಹರಿದು ನಮ್ಮ ಕಡೆ ಬರುತ್ತೆ. ಕುಮಟಾ, ಹೊನ್ನಾವರಕ್ಕೆ ಮರಾಕಲ್ ಯೋಜನೆಯಿಂದ ಬರೋದು ಇದೇ ಹೊಳೆ ನೀರು. ನೀವು ಮೇಲೆ ಎತ್ತಿದ್ದು ನಮಗೆ ಕಡಿಮೆ ಬರೋದು, ಅಷ್ಟೇ ಲೆಕ್ಕ.

ಇದರ ಮೇಲೆ ದೊಡ್ಡ ಅಣೆಕಟ್ಟು ಇಲ್ಲ ಅನ್ನೋದಕ್ಕೇ ಅಳಿವೆ ಇನ್ನೂ ಜೀವ ಹಿಡಿದಿದೆ. 2024ರಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಬೋರ್ಡು ಹಾಕಿದ್ದು ದೊಡ್ಡದಲ್ಲ, ಅಲ್ಲಿ ಇಳಿತದ ಹೊತ್ತಿಗೆ ಬಳಚು (ಚಿಪ್ಪಿನ ಜೀವಿ) ಆರಿಸೋ ಹೆಂಗಸರು ಇದ್ದಾರೆ, ಗಜನಿ ಅನ್ನೋ ಉಪ್ಪುನೀರಿನ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯೋರು ಇದ್ದಾರೆ. ಸಿಹಿನೀರು, ಉಪ್ಪುನೀರು ಹದವಾಗಿ ಬೆರೆತರೆ ಮಾತ್ರ ಅವರ ಕೆಲಸ. ಮೇಲಿಂದ ಸಿಹಿನೀರು ಕಡಿಮೆಯಾದರೆ ಉಪ್ಪು ಹೊಳೆಯಲ್ಲಿ ಮೇಲಕ್ಕೆ ಏರುತ್ತೆ, ಪಕ್ಕದ ಬಾವಿಗಳೂ ಸವಳು.

ಬೇಡ್ತಿ ಹೊಳೆ ನೀರು ವರದೆಗೆ ಒಯ್ಯೋ ಬೇಡ್ತಿ ವರದಾ ಜೋಡಣೆ ಅಂದಾಗ ನೀವು ಘಟ್ಟದ ಮೇಲಿನವರು ಬೀದಿಗೆ ಇಳಿದಿರಿ. ನಮ್ಮ ನೀರು ಬೇರೆ ಕಡೆ ಒಯ್ಯಬೇಡಿ ಅಂದಿರಿ, ಸರಿಯಾಗೇ ಅಂದಿರಿ. ಈಗ ಅದೇ ಮಾತು ನಾವು ನಿಮಗೆ ಹೇಳೋ ಹಾಗೆ ಮಾಡಬೇಡಿ.

ಮಾರಿಗುಡಿ ಓಣಿ

ಅಕ್ಕಾ, ಇದು ನಿಜಕ್ಕೂ ತಲೆಗೆ ಬಂದಿರಲಿಲ್ಲ. ಮರಾಕಲ್ ವಿಷಯ ಅರ್ಜಿಗೆ ಸೇರಿಸ್ತೇನೆ.

ಕೋಡಿಬಾಗ ಕಾರವಾರ

ನಮ್ಮ ಕಥೆ ಕೇಳಿ, ಸ್ವಲ್ಪ ಸಮಾಧಾನ ಆಗಬಹುದು. ನಮ್ಮ ಊರಿನ ಬಾಗಿಲಲ್ಲೇ ಕಾಳಿ ನದಿ. ಮೇಲೆ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಡ್ಯಾಮ್ ಮೇಲೆ ಡ್ಯಾಮ್. ಆದರೂ ಕಾರವಾರ ಕುಡಿಯೋದು ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯಿಂದ ಬರೋ ಗಂಗಾವಳಿ ನೀರು. ಕಾಳಿಯ ಸೇತುವೆ ಕೆಳಗೆ ನಿಂತು ಕೈ ಅದ್ದಿ ನಾಲಿಗೆಗೆ ಇಟ್ಟರೆ ಕಾರಣ ಗೊತ್ತಾಗುತ್ತೆ, ಉಪ್ಪು. ಡ್ಯಾಮ್ ಕಟ್ಟಿದ್ದು ಕರೆಂಟಿಗೆ, ನಲ್ಲಿಗಲ್ಲ. ಡ್ಯಾಮ್ ಇದ್ದ ಮಾತ್ರಕ್ಕೆ ಊರಿಗೆ ನೀರು ಬರುತ್ತೆ ಅಂದುಕೊಳ್ಳೋರು ಒಮ್ಮೆ ನಮ್ಮಲ್ಲಿಗೆ ಬಂದು ಹೋಗಿ.

ಗಂಗಾವಳಿ ಅಂದರೆ ಮೇಲೆ ಬೇಡ್ತಿ. ಧಾರವಾಡ ಹುಬ್ಬಳ್ಳಿ ಕಡೆಯಿಂದ ಹರಿದು ಬರೋದು. ಬೇಸಿಗೆಯಲ್ಲಿ ಅದೂ ಇಳಿಯುತ್ತೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಮಣ್ಣೆಲ್ಲ ಅದೇ ನದಿಗೆ ಬಿತ್ತು. ಒಂದೇ ಹೊಳೆ ನಂಬಿದ ಊರಿಗೆ ಅಂಥ ದಿನ ಎದೆ ಧಸಕ್ ಅನ್ನುತ್ತೆ. ಹಾಗಾಗಿ ಎರಡನೇ ದಾರಿ ಒಂದು ಇರಲಿ. ಅದು ಹೊಸ ಹೊಳೆಯೇ ಆಗಬೇಕು ಅಂತಿಲ್ಲ, ಊರಿನ ಹಳೇ ಬಾವಿ, ಕೆರೆ ಆದರೂ ಆದೀತು.

ಗಣೇಶನಗರ

ಹೊಳೆ ಲೆಕ್ಕ ಆಯಿತು, ಪೈಪಿನ ಲೆಕ್ಕ ಯಾರೂ ಎತ್ತಲಿಲ್ಲ. ನಮ್ಮ ಅಪ್ಪ ಬೇರೆ ಒಂದು ಊರಿನಲ್ಲಿ ವಾಲ್ವ್‌ಮನ್ ಆಗಿದ್ದರು. ಬೆಳಗಿನ ಜಾವ ಸೈಕಲ್ ಮೇಲೆ ಎದೆಯೆತ್ತರದ ಕಬ್ಬಿಣದ ಕೀಲಿ ಕಟ್ಟಿಕೊಂಡು ಹೋಗ್ತಿದ್ದರು, ತಲೆಯಲ್ಲಿ ಅಡ್ಡ ಹಿಡಿ, ಬುಡದಲ್ಲಿ ಚೌಕದ ಬಾಯಿ. ರಸ್ತೆ ಬದಿಯ ಗುಂಡಿಯ ಮುಚ್ಚಳ ತೆಗೆದು, ಕೀಲಿ ಕೆಳಗೆ ಇಳಿಸಿ, ಯಾವ ಓಣಿಗೆ ಎಷ್ಟು ಸುತ್ತು ಅಂತ ಬಾಯಲ್ಲಿ ಎಣಿಸುತ್ತಾ ತಿರುಗಿಸೋರು. ಪೂರ್ತಿ ತೆರೆದರೆ ತಗ್ಗಿನ ಮನೆಗಳೇ ಎಲ್ಲ ಎಳೆದುಕೊಂಡು ಬಿಡ್ತವೆ, ದಿಬ್ಬದ ಮೇಲಿನವರಿಗೆ ಗಾಳಿ ಮಾತ್ರ. ಹಾಗಾಗಿ ತಗ್ಗಿನ ಓಣಿಗೆ ಅರ್ಧ, ದಿಬ್ಬಕ್ಕೆ ಪೂರ್ತಿ. ಇದು ಯಾವ ನಕ್ಷೆಯಲ್ಲೂ ಇರಲಿಲ್ಲ, ಅವರ ತಲೆಯಲ್ಲಿತ್ತು.

ಸೋರೋ ಜಾಗ ಹುಡುಕೋಕೆ ಅದೇ ಕೀಲಿ. ಸದ್ದಿಲ್ಲದ ಹೊತ್ತಲ್ಲಿ ಬುಡ ಪೈಪಿಗೆ ತಾಗಿಸಿ, ಹಿಡಿಗೆ ಕಿವಿ ಇಟ್ಟರೆ ಸೋರೋ ಕಡೆ ಸುಂಯ್ ಅಂತ ಕೇಳುತ್ತೆ. ನನಗೂ ಒಮ್ಮೆ ಕೇಳಿಸಿದ್ದರು. ಅವರು ನಿವೃತ್ತಿ ಆದಾಗ ಆ ಸುತ್ತಿನ ಲೆಕ್ಕ ಯಾರೂ ಬರೆದುಕೊಳ್ಳಲಿಲ್ಲ. ಶಿರಸಿಯಲ್ಲಿ ನೀರು ಬಿಡುವವರನ್ನು ಕೂರಿಸಿಕೊಂಡು ಯೋಜನೆ ಮಾಡಿ ಅಂತ ಅರ್ಜಿಯಲ್ಲಿ ಹಾಕಿ. ಕನ್ಸಲ್ಟೆಂಟ್ ಕಂಪ್ಯೂಟರ್‌ನಲ್ಲಿ ಗೆರೆ ಎಳೆಯೋದಕ್ಕಿಂತ ಮೊದಲು.

ನಿವೃತ್ತ ಇಂಜಿನಿಯರ್

ಗಣೇಶನಗರದವರೇ, ನೂರಕ್ಕೆ ನೂರು. ಇದಕ್ಕೆ ಒಂದು ಕಡಿಮೆ ಖರ್ಚಿನ ಪರೀಕ್ಷೆ ಇದೆ. ಒಂದು ವಾರ್ಡು ಆರಿಸಿಕೊಳ್ಳಿ, ಅದಕ್ಕೆ ನೀರು ಕೊಡೋ ಓವರ್‌ಹೆಡ್ ಟ್ಯಾಂಕ್ ತುಂಬಿಸಿ. ಒಳಗೆ ಬರೋ ನೀರು ನಿಲ್ಲಿಸಿ, ಮನೆಗಳ ನಲ್ಲಿ ಬಂದ್ ಮಾಡಿಸಿ ಲೈನ್ ಮಾತ್ರ ತುಂಬಿಟ್ಟುಕೊಳ್ಳಿ. ಟ್ಯಾಂಕಿನ ಮಟ್ಟ ಎಷ್ಟು ಇಳಿಯಿತು ಅಂತ ಎರಡು ಗಂಟೆ ನೋಡಿ. ಇಳಿದದ್ದು ಹೆಚ್ಚುಕಮ್ಮಿ ಸೋರಿಕೆ. ಟ್ಯಾಂಕಿನ ಬಾಯಲ್ಲಿ ಒಂದು ಬಲ್ಕ್ ಮೀಟರ್ (ಒಟ್ಟು ಹರಿದ ನೀರು ಅಳೆಯೋದು) ಇದ್ದರೆ ಇನ್ನೂ ಒಳ್ಳೇದು.

ಸೋರಿಕೆ ಅಂದರೆ ಬರೀ ನೀರಲ್ಲ, ಕರೆಂಟು ಕೂಡ. ಸಾವಿರ ಲೀಟರ್ ನೀರು 100 ಮೀಟರ್ ಮೇಲೆತ್ತೋಕೆ, ಪಂಪಿನ ನಷ್ಟ ಸೇರಿ, ಸುಮಾರು 0.4 ಯೂನಿಟ್ ಬೇಕು. ದಿನಕ್ಕೆ 85 ಲಕ್ಷ ಲೀಟರ್ ಅಷ್ಟು ಎತ್ತಿದರೆ 3400 ಯೂನಿಟ್. ಅದರಲ್ಲಿ ಕಾಲು ಭಾಗ ಸೋರಿದರೆ ದಿನಕ್ಕೆ 850 ಯೂನಿಟ್ ರಸ್ತೆ ಕೆಳಗೆ ಸುರಿದ ಹಾಗೆ. ನಮ್ಮಂಥ ಗುಡ್ಡದ ಮೇಲಿನ ಊರಿಗೆ ಇದು ದೊಡ್ಡ ಹೊರೆ.

ಇನ್ನೊಂದು, ಎರಡು ದಿನಕ್ಕೊಮ್ಮೆ ನೀರು ಬಿಡೋ ಕಡೆ ಲೈನ್ ಖಾಲಿ ಇದ್ದಾಗ ಸೋರೋ ಜಾಯಿಂಟಿನಿಂದಲೇ ಹೊರಗಿನ ಕೊಳೆ ಒಳಗೆ ಎಳೆದುಕೊಳ್ಳುತ್ತೆ. ಟುಲ್ಲು ಪಂಪು (ಲೈನಿನಿಂದ ನೇರ ನೀರೆಳೆಯೋ ಸಣ್ಣ ಮೋಟಾರು) ಹಚ್ಚಿದರೆ ಇನ್ನೂ ಜೋರಾಗಿ. ಕಾಮಾಲೆ ಬರೋದು ಹಾಗೆ. ಹುಬ್ಬಳ್ಳಿ ಧಾರವಾಡದ ಕೆಲವು ವಾರ್ಡುಗಳಲ್ಲಿ 2008ರಿಂದ 24 ಗಂಟೆ ನೀರು ಕೊಟ್ಟು ತೋರಿಸಿದರು. ಹಳೇ ಲೈನ್ ಬದಲಿಸಿ, ಪ್ರತಿ ಮನೆಗೆ ಮೀಟರ್ ಹಾಕಿದ ಮೇಲೆ ಅದು ಆದದ್ದು.

ದೇವಿಕೆರೆ ಖಾನಾವಳಿ

ಮೀಟರ್ ಅಂದ ಕೂಡಲೇ ಬಿಲ್ ಏರುತ್ತೆ ಸರ್. ಗಾಳಿಗೂ ಮೀಟರ್ ತಿರುಗುತ್ತೆ ಅಂತ ಕೇಳಿದ್ದೇನೆ.

ನಿವೃತ್ತ ಇಂಜಿನಿಯರ್

ತಿರುಗುತ್ತೆ, ಲೈನ್ ಖಾಲಿಯಾಗಿ ಮತ್ತೆ ತುಂಬುವಾಗ. ಅದಕ್ಕೇ ಲೈನ್‌ನಲ್ಲಿ ಗಾಳಿ ಬಿಡೋ ವಾಲ್ವ್ ಸರಿ ಇರಬೇಕು. ಬಿಲ್ಲಿನ ದರ ಹಂತ ಹಂತವಾಗಿ ಇರಲಿ, ಮೊದಲ ಹಂತ ಬಡವರಿಗೆ ಹೊರೆಯಾಗದ ಹಾಗೆ. ಖಾನಾವಳಿಯವರು ಬಳಸಿದಷ್ಟು ಕೊಡಬೇಕಾಗುತ್ತೆ, ಬೇಜಾರು ಮಾಡಬೇಡಿ.

ರಾಯರಪೇಟೆ

ಕೆರೆ ಬಗ್ಗೆ. ಜೀವಜಲ ಕಾರ್ಯಪಡೆಯವರು ಊರಿನ ಕೆರೆಗಳ ಹೂಳು ತೆಗೆದಿದ್ದಾರೆ, ಒಳ್ಳೇ ಕೆಲಸ. ಆದರೆ ಕೆರೆ ನೀರು ನೇರ ನಲ್ಲಿಗೆ ಬರುತ್ತೆ ಅಂದುಕೊಂಡರೆ ಆಗೋದಿಲ್ಲ. ಕೆರೆ ತುಂಬಿದರೆ ಸುತ್ತಲಿನ ಬಾವಿಗಳಲ್ಲಿ ನೀರು ನಿಲ್ಲುತ್ತೆ, ಅದೇ ಲಾಭ. ಬಾವಿ ಇರೋ ಮನೆಯವರು ನಲ್ಲಿ ನೀರಿಗೆ ಕೈ ಹಾಕೋದು ಕಡಿಮೆ ಆದರೆ ಹೊಳೆಯ ಮೇಲಿನ ಭಾರವೂ ಅಷ್ಟು ಇಳಿಯುತ್ತೆ.

ಚಾವಣಿ ನೀರು ಹಿಡಿಯಿರಿ ಅನ್ನೋರಿಗೆ ಒಂದು ಲೆಕ್ಕ. ಸಾವಿರ ಚದರ ಅಡಿ ಚಾವಣಿ ಮೇಲೆ ನಮ್ಮ ಮಳೆಗೆ ವರ್ಷಕ್ಕೆ 1 ಲಕ್ಷ 80 ಸಾವಿರ ಲೀಟರ್ ಮೇಲೆ ಸಿಗುತ್ತೆ. ಐದು ಜನರ ಮನೆಗೆ ತಲೆಗೆ 135ರಂತೆ ಫೆಬ್ರುವರಿಯಿಂದ ಮೇವರೆಗೆ ಬೇಕಾಗೋದು 81 ಸಾವಿರ ಲೀಟರ್. ನೀರು ಸಾಕು, ಇಡೋಕೆ ಜಾಗ ಇಲ್ಲ. ಅಷ್ಟಕ್ಕೆ ಸಾವಿರ ಲೀಟರಿನ ಸಿಂಟೆಕ್ಸ್ 81 ಬೇಕು. ಆದರೆ ಅಡುಗೆಗೆ, ಕುಡಿಯೋಕೆ ಮಾತ್ರ ಅಂದರೆ ತಲೆಗೆ 10 ಲೀಟರ್, ನಾಲ್ಕು ತಿಂಗಳಿಗೆ 6 ಸಾವಿರ. ಅದಕ್ಕೆ ಒಂದು ಸಂಪು ಸಾಕು. ಉಳಿದದ್ದನ್ನು ಜಲ್ಲಿ, ಮರಳು ಹಾಸಿದ ಗುಂಡಿ ದಾಟಿಸಿ ಬಾವಿಗೆ ಬಿಡಿ. ಹೊಸ ಮನೆಗೆ ಪರವಾನಗಿ ಕೊಡುವಾಗ ಕಾಗದದ ಮೇಲೆ ಇರೋ ಇಂಗುಗುಂಡಿ ನೆಲದ ಮೇಲೂ ಇದೆಯಾ ಅಂತ ಒಬ್ಬರು ಬಂದು ನೋಡಲಿ.

ಯಲ್ಲಾಪುರ ನಾಕೆ

ಸರಿ, ದೊಡ್ಡ ಡ್ಯಾಮ್ ಬಿಡಿ. ಬೇಸಿಗೆಗೆ ಮರಳು ಚೀಲ ಇಟ್ಟು ಒಡ್ಡು ಹಾಕ್ತಾರಲ್ಲ, ಅದನ್ನೇ ಕಾಯಂ ಮಾಡಿ ಬಾಗಿಲು ಇಡೋಕೆ ಏನು ಅಡ್ಡಿ? ಮಳೆಗಾಲದಲ್ಲಿ ತೆಗೆದಿಡೋದು, ಡಿಸೆಂಬರ್‌ನಲ್ಲಿ ಹಾಕೋದು.

ನಿವೃತ್ತ ಇಂಜಿನಿಯರ್

ಅಡ್ಡಿ ಇಲ್ಲ, ಎತ್ತರ ಮಿತಿಯಲ್ಲಿರಬೇಕು, ಕೆಳಗೆ ಇಷ್ಟು ನೀರು ಹರಿಯಲೇಬೇಕು ಅನ್ನೋ ಗೆರೆ ಇರಬೇಕು. ಆ ಗೆರೆ ಹಾಕೋಕೆ ಮತ್ತೆ ಮೇ ತಿಂಗಳ ಅಂಕಿಯೇ ಬೇಕು. ಅದಕ್ಕೇ ಅದನ್ನು ಮೊದಲು ಅಂತ ಹಠ ಮಾಡ್ತಿರೋದು.

ಮಾರಿಗುಡಿ ಓಣಿ

ಎಲ್ಲರ ಮಾತು ಸೇರಿಸಿ ಅರ್ಜಿಯ ಕರಡು ಇಷ್ಟಕ್ಕೆ ಬಂದಿದೆ:

“ಹೊಸ ಜಾಕ್‌ವೆಲ್‌ನ ಡಿಪಿಆರ್ (ವಿವರವಾದ ಯೋಜನಾ ವರದಿ) ಮಾಡಿಸುವ ಮೊದಲು ಕೆಂಗ್ರೆ, ಮಾರಿಗದ್ದೆ ಎರಡೂ ಕಡೆ ಹರಿವಿನ ಅಳತೆ ಶುರುವಾಗಲಿ, ಅಂಕಿಯನ್ನು ನಗರಸಭೆಯ ಬೋರ್ಡಿನಲ್ಲಿ ಹಾಕಲಿ. ಓವರ್‌ಹೆಡ್ ಟ್ಯಾಂಕುಗಳಿಗೆ ಬಲ್ಕ್ ಮೀಟರ್ ಇಟ್ಟು ಒಂದು ವಾರ್ಡಿನ ಸೋರಿಕೆ ಪರೀಕ್ಷೆ ಮಾಡಲಿ. ಜಾತ್ರೆ ವಾರದ ಬೇಡಿಕೆಯನ್ನು ಬೇರೆಯಾಗಿ ಲೆಕ್ಕ ಹಾಕಲಿ. ಕೆಳಗಿನ ಕುಮಟಾ, ಹೊನ್ನಾವರದ ಪುರಸಭೆ, ಪಟ್ಟಣ ಪಂಚಾಯ್ತಿಯವರನ್ನೂ ಸಭೆಗೆ ಕರೆಯಲಿ.”

ತಿದ್ದುಪಡಿ ಇದ್ದರೆ ಭಾನುವಾರದೊಳಗೆ ಹೇಳಿ. ಸಹಿಗೆ ಪ್ರತಿ ಓಣಿಗೂ ಬರ್ತೇವೆ.

ನಿವೃತ್ತ ಇಂಜಿನಿಯರ್

ಅಳತೆ ಯಾವಾಗ ಅಂತ ಬರೆದಿಲ್ಲ. “ಫೆಬ್ರುವರಿಯಿಂದ ಮೃಗಶಿರೆ ಮಳೆ ಹಿಡಿಯುವವರೆಗೆ ವಾರಕ್ಕೊಮ್ಮೆ, ಕನಿಷ್ಠ ಮೂರು ಬೇಸಿಗೆ” ಅಂತ ಸೇರಿಸಿ. ಇಲ್ಲದಿದ್ದರೆ ಶ್ರಾವಣದಲ್ಲಿ ಒಮ್ಮೆ ಹೋಗಿ ಅಳೆದು, ನೀರು ಬೇಕಾದಷ್ಟಿದೆ ಅಂತ ವರದಿ ಕೊಟ್ಟು ಬಿಡ್ತಾರೆ.

ಗಣೇಶನಗರ

ವಾಲ್ವ್‌ಮನ್ ಮಾತು ಬಿಟ್ಟೇ ಹೋಯ್ತಲ್ಲ ಮಾರಾಯ್ರೆ.

ಮಾರಿಗುಡಿ ಓಣಿ

ಎರಡೂ ಸೇರಿಸಿದೆ. ತೋಟದವರೇ, ನಿಮ್ಮ ಊರಿನವರ ಸಹಿಯೂ ಬೇಕಿತ್ತು.

ಹೊಳೆಬದಿ ತೋಟ

ಬೆಟ್ಟದ ಮಾತು ಎಲ್ಲಿದೆ ಇದರಲ್ಲಿ? ಯೋಜನೆಯ ದುಡ್ಡಿನಲ್ಲಿ ಒಂದು ಪಾಲು ಜಾಕ್‌ವೆಲ್‌ಗಿಂತ ಮೇಲಿನ ಬೆಟ್ಟದ ಇಂಗುಗುಂಡಿಗೆ, ಕೆಲಸ ಆಯಾ ಊರಿನ ಪಂಚಾಯ್ತಿ ಮೂಲಕ ಅಂತ ಒಂದು ಸಾಲು ಬರೆಯಿರಿ. ಏಪ್ರಿಲ್‌ನಲ್ಲಿ ಪಂಪು ನಿಲ್ಲಿಸಿ ಅನ್ನೋ ಮೊದಲು ನಮ್ಮನ್ನು ಕರೆದು ಕೂರಿಸಿ, ಸರದಿ ಮೇಲೆ ನೀರು ಹಾಯಿಸೋಕೆ ದಿನ ಗೊತ್ತು ಮಾಡಿ ಅಂತ ಇನ್ನೊಂದು ಸಾಲು. ಈ ಎರಡು ಸಾಲು ಬಂದ ದಿನ ಕಾಗದ ಕಳಿಸಿ, ಊರೆಲ್ಲ ಸಹಿ ಹಾಕಿಸಿ ಕೊಡ್ತೇನೆ. ಅಲ್ಲೀವರೆಗೆ ನನ್ನ ಹೆಸರು ಹಾಕಬೇಡಿ.